ಹೊಸ್ತಿಲ ಮೇಲೆ ತತ್ತಿ

ಶೈಲಾಳ ಮೈತುಂಬ ಮಾಂಸ ಇದ್ದಷ್ಟು ದಿನ ಸುಭಾಸನ ಏಟು ಎಲುಬಿನತನಕ ಹೋಗುತ್ತಿರಲಿಲ್ಲ. ಬೆನ್ನಿಗೆ ಬಿದ್ದ ಗುದ್ದು ಬೆನ್ನಿನಲ್ಲೇ ಎಲ್ಲೋ ಮುಳುಗಿ ಹೋಗುತ್ತಿತ್ತು. "ಹಿಟ್ಟಿನ ಚೀಲಕ್ಕ ಗುದ್ದಿದಂಗ ಆಗ್ತೈತಿ, ನನ್ನ ಕೈನs ನೋಯ್ತಾವು" ಎಂದು ಅವನೇ ಓಣಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಕೂತವರೂ ನಗುತ್ತಿದ್ದರು. ಊರಲ್ಲಿ ಆಕೆಗೆ ಹಗೇವು ಎಂದೇ ಹೆಸರು. ನೆಲದೊಳಗೆ ಜೋಳ ತುಂಬುವ ಹಗೇವಿನ ಹಾಗೆ ಎಷ್ಟು ಸುರಿದರೂ ಹಿಡಿಯುತ್ತಾಳೆ ಎಂದು. ಶೈಲಾ ಆ ಹೆಸರಿಗೂ ಒಗ್ಗಿಕೊಂಡಿದ್ದಳು. ಹೊಟ್ಟೆ ತುಂಬಿದ್ದರೆ ಸಿಟ್ಟು ಮೇಲಕ್ಕೆ ಬರುವುದಿಲ್ಲ ಎಂಬುದು ಆಕೆಗೆ ಬಾಳುವೆಯ ಮೊದಲ ವರ್ಷದಲ್ಲೇ ಗೊತ್ತಾಗಿತ್ತು. ರೊಟ್ಟಿಯ ಮೇಲೆ ರೊಟ್ಟಿ ಹಾಕಿ ಅದನ್ನು ಕೆಳಗೇ ಅದುಮಿಟ್ಟುಕೊಂಡು, ಒಬ್ಬ ಮಗಳನ್ನು ಬೆಳೆಸಿ ಗದಗಿಗೆ ಕೊಟ್ಟು, ನಲವತ್ತು ದಾಟಿದ್ದಳು.

ಮಗಳ ಮದುವೆಯಲ್ಲಿ ಅಕ್ಷತೆ ಹಾಕಲು ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಕಟ್ಟಿ ಬಿದ್ದಳು. ಆಗ ತವರಿನ ಅಣ್ಣ ಸಿದ್ಧಾರೂಢ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಸಕ್ಕರೆ ಕಾಯಿಲೆ, ಮೊಣಕಾಲು, ಎದೆ, ಎಲ್ಲಕ್ಕೂ ಬೊಜ್ಜೇ ಬೇರು ಎಂದರು ಡಾಕ್ಟರು. ಹೊಟ್ಟೆಯ ಚೀಲವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸುತ್ತೇವೆ ಎಂದರು. ಅವ್ವ ಕೊಟ್ಟಿದ್ದ ಬಂಗಾರದ ಪಾಟ್ಲಿ ಬಳೆ ಮಾರಿ ಆ ಆಪರೇಶನ್ ಆಯಿತು. ಸುಭಾಸ ಬೇಡ ಎನ್ನಲಿಲ್ಲ. ಖರ್ಚು ತವರಿನದು, ತೆಳ್ಳಗಾಗಿ ಬರುವ ಹೆಂಡತಿ ತನಗೆ.

ತೆಳ್ಳಗಾದಳು ನಿಜ. ಸೀರೆ ಎರಡು ಸುತ್ತು ಬರತೊಡಗಿತು, ಕೊರಳಿನ ಎಲುಬು ಕಂಡಿತು. ಆಮೇಲೆ ಒಂದು ದಿನ ಚಹಾ ತಣ್ಣಗಾಗಿದೆ ಎಂದು ಸುಭಾಸ ಎಂದಿನಂತೆ ಭುಜಕ್ಕೆ ಗುದ್ದಿದಾಗ ಆಕೆ ಕೂಗಿಕೊಂಡಳು. ಅವನೇ ಬೆಚ್ಚಿದ. ಆ ಮನೆಯಲ್ಲಿ ಆಕೆ ಕೂಗಿದ್ದು ಅದೇ ಮೊದಲು. ನಡುವಿನ ಗೋಡೆ ಬಿದ್ದುಹೋಗಿ ಏಟು ನೇರವಾಗಿ ಒಳಗೆ ಬಂದ ಹಾಗಿತ್ತು. ಅಡಗಿಸಿಡಲು ಈಗ ಹೊಟ್ಟೆಯಲ್ಲಿ ಜಾಗವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಹುಡುಗಿ ಬಿಡುಗಡೆಯ ದಿನ ಎರಡು ಸಲ ಹೇಳಿದ್ದಳು: "ಅಮ್ಮಾ, ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಹೋಗ್ಲೇಬೇಕು. ಹೋಗ್ಲಿಲ್ಲ ಅಂದ್ರೆ ದೇಹ ತನ್ನ ಮಾಂಸ ತಾನೇ ತಿನ್ನುತ್ತೆ. ಕೂದಲು ಉದುರುತ್ತೆ, ಕಾಲು ಸೋಲುತ್ತೆ. ಎದೆಯೂ ಮಾಂಸಾನೇ, ಮರೀಬೇಡಿ." ಕೈಗೊಂದು ಪುಡಿಯ ಡಬ್ಬಿ ಕೊಟ್ಟಿದ್ದಳು. ಹಾಲಿನಿಂದ ತೆಗೆದದ್ದು, ಸಕ್ಕರೆ ಇಲ್ಲದ್ದು. ಅದಿರುವತನಕ ಶೈಲಾ ನೆಟ್ಟಗೇ ಇದ್ದಳು.

ಡಬ್ಬಿ ತೀರಿದ ಮೇಲೆ ನವಲಗುಂದಕ್ಕೆ ಹೋಗಿ ಅತಾವುಲ್ಲಾನ ಔಷಧಿ ಅಂಗಡಿಯಲ್ಲಿ ಕೇಳಿದಳು. ಅವನು ಮೂರು ಡಬ್ಬಿ ತಂದು ಮುಂದಿಟ್ಟ. ಒಂದರ ಮೇಲೆ ನಗುವ ಕೂಸು, ಒಂದರ ಮೇಲೆ ತೋಳು ಉಬ್ಬಿಸಿದ ಗಂಡಸು, ಮೂರನೆಯದು ಆಸ್ಪತ್ರೆಯಲ್ಲಿ ಕೊಟ್ಟಂಥದ್ದು. ಮೂರನೆಯದರ ಬೆಲೆ ಕೇಳಿ ಆಕೆ ಕೈ ಹಿಂದಕ್ಕೆ ತೆಗೆದಳು. ಮನೆಯಲ್ಲಿ ಕಡಲೆ, ಹತ್ತಿ ಬೆಳೆಯುವ ಎರೆಹೊಲವಿತ್ತು, ಬಾಡಿಗೆಗೆ ಓಡುವ ಟ್ರ್ಯಾಕ್ಟರ್ ಇತ್ತು. ಆದರೆ ಆಕೆಯ ಕೈಯಲ್ಲಿ ಬಸ್ಸಿನ ಚಾರ್ಜಿನ ಮೇಲೆ ಹೆಚ್ಚು ಎಂದೂ ಇರುತ್ತಿರಲಿಲ್ಲ. ತಿಜೋರಿಯ ಕೀಲಿ ಅತ್ತೆ ಕಸ್ತೂರೆವ್ವನ ನಡುವಿನಲ್ಲಿ.

"ಇದೂ ತಾಕತ್ತಿಂದs ಐತ್ರೀ ಅಕ್ಕಾರ," ಎಂದು ಅತಾವುಲ್ಲಾ ಕೂಸಿನ ಡಬ್ಬಿ ಮುಂದೆ ಸರಿಸಿದ. ಅದನ್ನೇ ತಂದಳು. ಒಂದು ಲೋಟ ಕಲಸಿ ಕುಡಿದ ಅರ್ಧ ತಾಸಿಗೆ ಮೈಯೆಲ್ಲ ಬೆವರಿ, ಎದೆ ಡೊಳ್ಳಿನ ಹಾಗೆ ಬಡಿದುಕೊಂಡು, ಬಚ್ಚಲಲ್ಲಿ ಕುಸಿದಳು. ಗೋಡೆಗೆ ಆನಿಕೊಂಡು ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಆಗ ಓದಿದಳು. ಎಲ್ಲಕ್ಕಿಂತ ಮೊದಲು ಬರೆದಿದ್ದದ್ದೇ ಸಕ್ಕರೆ.

ಅಲ್ಲಿಂದ ಕೂದಲು ಉದುರತೊಡಗಿತು. ಹಣಿಗೆ ಹಾಕಿದರೆ ಮುಷ್ಟಿ ಮುಷ್ಟಿ. ಕೊಡ ಎತ್ತಿದರೆ ತೋಳು ನಡುಗುತ್ತಿತ್ತು.

"ಮನ್ಯಾಗ ಹೆಸರುಕಾಳಿಲ್ಲೇನು, ಮಡಿಕಿಕಾಳಿಲ್ಲೇನು?" ಎಂದಳು ಕಸ್ತೂರೆವ್ವ. "ನಮ್ಮ ಹಿರೇರು ಯಾವ ಡಬ್ಬಿ ತಿಂದು ಎಂಬತ್ತು ವರ್ಷ ಬದಕಿದ್ರು?"

"ಒಂದು ಬಟ್ಟಲಾ ಕಾಳು ತಿಂದ್ರ ಸಾಕಾಗ್ತಿತ್ರೀ ಅತ್ತಿ. ನಾಕು ಚಮಚಾಕ್ಕ ಹೊಟ್ಟಿ ತುಂಬಿ ಬಿಡ್ತೈತಿ. ಅದಕ್ಕs ಪುಡಿ."

"ಹೊಟ್ಟಿ ಕೊಯ್ಸಿಕೊಳ್ಳೂಮುಂದ ಯಾರನ್ನ ಕೇಳಿದ್ದಿ?"

ಶೈಲಾ ಕೊಡ ಎತ್ತಿಕೊಂಡು ಬಾವಿಗೆ ಹೊರಟಳು.

ಹಿತ್ತಲಾಚೆಯ ಮನೆಯ ರಾಜಮಾಬಿ ಕೋಳಿ ಸಾಕಿದವಳು, ಬಾಯಿ ಬಿಚ್ಚಿ ನಗುವವಳು. ಹಿತ್ತಲ ಬೇಲಿಯ ಹತ್ತಿರ ನಿಂತು ಶೈಲಾಳ ತಲೆ ನೋಡಿ ಆಕೆ ಕರುಳು ಹಿಂಡಿದವಳ ಹಾಗೆ ಮುಖ ಮಾಡಿದಳು. "ಯವ್ವಾ ಶೈಲಕ್ಕಾ, ನನ್ನ ಕಾವಿಗೆ ಕುಂತ ಕೋಳಿಗೂ ನಿನಕಿಂತ ಹೆಚ್ಚ ಪುಚ್ಚ ಅದಾವಲ್ಲ! ಬಾ ಇಲ್ಲಿ, ದಿನಾ ಎರಡು ತತ್ತಿ ಕುದಿಸಿ ಕೊಡ್ತೇನಿ. ನನ್ನ ಮನ್ಯಾಗ ತಿಂದು ಬಾಯಿ ತೊಳಕೊಂಡು ಹೋಗು. ನಿಮ್ಮತ್ತಿಗೆ ಹೇಳಾಕ ನನ್ನ ಕೋಳಿಗೆ ಮಾತು ಬರೂದಿಲ್ಲ."

ಶೈಲಾ ನಕ್ಕಳು. ಕೈ ತನ್ನಷ್ಟಕ್ಕೆ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. "ಬ್ಯಾಡಕ್ಕಾ."

"ಅತ್ತಿ ಅಂಜಿಕಿನs?"

"ಅತ್ತಿದಲ್ಲ." ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಎಂಟು ವರ್ಷದವಳಿದ್ದಾಗ ಅವ್ವ ಮಡಿಲಲ್ಲಿ ಕೂಡಿಸಿಕೊಂಡು ಕಟ್ಟಿಸಿದ ಲಿಂಗ ಅದು. ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟುಕೊಂಡು ಕೂತಾಗ ಮಾತ್ರ ಆಕೆ ಹಗೇವೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಆ ಮನೆಯಲ್ಲಿ ತನ್ನದು ಎಂದು ಆಕೆಗಿದ್ದದ್ದು ಅದೊಂದೇ.

ಸುಭಾಸನಿಗೆ ಅಂಥ ತೊಡಕಿರಲಿಲ್ಲ. ಅಣ್ಣಿಗೇರಿ ರಸ್ತೆಯ ಧಾಬಾದಲ್ಲಿ ಮೊಟಾರ್‌ಸೈಕಲ್ಲಿನ ಡಬ್ಬಿಯಲ್ಲಿ ಲಿಂಗ ಬಿಚ್ಚಿಟ್ಟು ಆಮ್ಲೆಟ್ ತಿಂದು, ಬಾಯಿಗೆ ಬಡೆಸೋಪು ಹಾಕಿಕೊಂಡು ಬರುತ್ತಿದ್ದ. ಅವನ ಅವ್ವನಿಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು. ಗಂಡಸು ಹೊಸ್ತಿಲಾಚೆ ಏನು ಮಾಡಿದರೂ ಅದು ಹೊಸ್ತಿಲಾಚೆಗೇ ಉಳಿಯುತ್ತದೆ ಎಂಬುದು ಕಸ್ತೂರೆವ್ವನ ಲೆಕ್ಕ. ಹೊಸ್ತಿಲೊಳಗಿನದು ಬೇರೆ. ಪ್ರತಿ ಸೋಮವಾರ ಮಠದ ಅಯ್ಯನವರು ಬಂದು ಪ್ರಸಾದ ಉಣ್ಣುವುದು ಆ ಮನೆಯಲ್ಲೇ ಆಗಬೇಕು. ಮಾವನ ಕಾಲದಿಂದ ಒಂದು ಸೋಮವಾರವೂ ತಪ್ಪಿರಲಿಲ್ಲ. ಇಡೀ ಊರಲ್ಲಿ ಆ ಭಾಗ್ಯ ಇದ್ದದ್ದು ಆಕೆಯ ಒಲೆಗೆ ಮಾತ್ರ. ಮುದುಕಿ ತಲೆ ಎತ್ತಿ ನಡೆಯುತ್ತಿದ್ದದ್ದು ಅದೇ ಜೋರಿನ ಮೇಲೆ.

"ತತ್ತಿ ತಿನ್ನು," ಎಂದ ಸುಭಾಸ ಒಂದು ದಿನ ಹಿತ್ತಲಲ್ಲಿ, ದನಿ ತಗ್ಗಿಸಿ. "ಡಬ್ಬಿ ಡಬ್ಬಿ ಅಂತ ತಲಿ ತಿನಬ್ಯಾಡ. ದನದ ಕೊಟ್ಟಿಗ್ಯಾಗ ಕುಂತು ತಿನ್ನು, ಯಾರಿಗೆ ತಿಳೀತೈತಿ?"

"ನಾ ಒಲ್ಲೆ."

"ಒಲ್ಲೆ?" ಆ ಶಬ್ದವನ್ನು ಅವನು ಬಾಯಲ್ಲಿ ಹೊರಳಿಸಿ ನೋಡಿದ. ಆಕೆಯ ಬಾಯಿಂದ ಅವನು ಅದನ್ನು ಹೆಚ್ಚು ಸಲ ಕೇಳಿರಲಿಲ್ಲ. ಕಪಾಳಕ್ಕೆ ಬಾರಿಸಿದ. ತುಟಿ ಹಲ್ಲಿಗೆ ತಾಗಿ ಹರಿಯಿತು. ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದ ಕಸ್ತೂರೆವ್ವ ತಲೆ ಎತ್ತಿ ನೋಡಿ, ಮತ್ತೆ ಮೊರಕ್ಕೆ ಬಗ್ಗಿ ಕೇರತೊಡಗಿದಳು.

ಆ ವಾರ ಶೈಲಾ ಕಳವು ಮಾಡಿದಳು. ಊರ ಮೇಲೆ ಬರುವ ಕಾಳಿನ ವ್ಯಾಪಾರಿ ಲಕ್ಕಪ್ಪನಿಗೆ ಒಳಕೋಣೆಯ ಒಂದು ಚೀಲ ಕಡಲೆ ಮಾರಿ, ಅದೇ ದಿನ ನವಲಗುಂದದಿಂದ ಮೂರನೆಯ ಡಬ್ಬಿ ತಂದು ಹೊಟ್ಟಿನ ಕೋಣೆಯಲ್ಲಿ ಹುಗಿದಿಟ್ಟಳು. ತಾನು ಬಿತ್ತಿ, ಕಳೆ ತೆಗೆದು, ಕಿತ್ತು ತಂದ ಕಡಲೆ. ಅದನ್ನು ಕಳವು ಎನ್ನಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಬರುವಾಗ ಬಹಳ ಹೊತ್ತು ಯೋಚಿಸಿದ್ದಳು. ಬೆಳಿಗ್ಗೆ, ಸಂಜೆ ಹೊಟ್ಟಿನ ಕೋಣೆಗೆ ಹೋಗಿ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿದಳು. ತೋಳಿನ ನಡುಕ ನಿಂತಿತು. ಕೊಡ ಎತ್ತಿದಾಗ ಕೊಡ ಮೇಲೆ ಬಂತು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು.

ಸೋಮವಾರ ಬೆಳಿಗ್ಗೆ ಎಮ್ಮೆಗೆ ಹೊಟ್ಟು ತರಲು ಹೋದ ಸುಭಾಸ ಡಬ್ಬಿ ಹಿಡಿದುಕೊಂಡು ಹೊರಗೆ ಬಂದ.

ಶೈಲಾ ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುತ್ತಿದ್ದಳು. ಅವನ ಮುಖ ನೋಡಿದ ಕೂಡಲೇ ಗೋಡೆಗೆ ಬೆನ್ನು ಹಚ್ಚಿದಳು. ಬೆನ್ನಿಗಿಂತ ಮುಂದುಗಡೆಯ ಏಟು ಕೈಯಲ್ಲಿ ತಡೆಯಬಹುದು ಎಂದು ಮೈ ತಾನಾಗಿ ಕಲಿತಿತ್ತು.

"ಕಡ್ಲಿ ಚೀಲ ಎಲ್ಲಿ ಹೋತು ಅಂತ ವಾರದಿಂದ ಹುಡಕಾಕತ್ತೇನಿ." ಅವನು ಮೆತ್ತಗೆ ಮಾತಾಡಿದ. "ಇಲಿ ತಿಂತು ಅಂದ್ಕೊಂಡಿದ್ದೆ. ಇಲಿ ಅಲ್ಲ, ಹೆಗ್ಗಣ."

ಮೊದಲ ಏಟು ಡಬ್ಬಿಯದೇ. ಅದರ ಅಂಚು ಹುಬ್ಬಿಗೆ ಬಡಿದು ಕಣ್ಣಿಗೆ ರಕ್ತ ಇಳಿಯಿತು. ಕೈ ಅಡ್ಡ ಹಿಡಿದಳು. ಕೈ ಹಿಡಿದು ತಿರುವಿ ಕೆಳಗೆ ಕೆಡವಿದ. ಪಕ್ಕೆಗೆ ಒದ್ದ. ಒಳಗೆ ಏನೋ ಒಣಕಟ್ಟಿಗೆ ಮುರಿದ ಹಾಗೆ ಆಯಿತು. ಕೂಗಿದಳು. "ಕೂಗು," ಎಂದ, "ಕೂಗು, ಊರೆಲ್ಲಾ ಕೇಳ್ಲಿ, ಕಡ್ಲಿ ಕಳ್ಳಿ ಅಂತ." ಡಬ್ಬಿಯ ಮುಚ್ಚಳ ಕಿತ್ತು ಎಮ್ಮೆ ಮೇವು ತಿನ್ನುವ ಗ್ವಾದಲಿಯಲ್ಲಿ ಬೋರಲು ಹಾಕಿದ. ಬಿಳಿ ಪುಡಿ ಹೊಟ್ಟಿನ ಮೇಲೆ ಬಿತ್ತು. ಎಮ್ಮೆ ಮೂತಿ ಇಟ್ಟು, ಸೀನಿ, ನೆಕ್ಕತೊಡಗಿತು. "ಇದು ತಿಂದ್ರ ಹಾಲರ ಕೊಡ್ತೈತಿ. ನೀ ಏನು ಕೊಡ್ತಿ?"

ಹೊರಗೆ ಹೋದ. ಹೋದನಲ್ಲ ಎಂದು ಶೈಲಾ ಗೋಡೆ ಹಿಡಿದು ಏಳಲು ನೋಡುತ್ತಿದ್ದಳು. ಬೇಲಿಯಾಚೆ ರಾಜಮಾಬಿಯ ದನಿ ಕೇಳಿಸಿತು: "ಸೋಮಾರ ದಿನಾ ತತ್ತಿ ಯಾರಿಗ್ರೀ ಸುಭಾಸಣ್ಣಾ? ನಿಮ್ಮವ್ವಾರಿಗೆ ಏನ್ರೀ?" ಆಮೇಲೆ ಅವನು ಏನೋ ಗದರಿದ್ದು, ಆಕೆ ಸುಮ್ಮನಾದದ್ದು. ಬಚ್ಚಲಿನ ನೀರೊಲೆ ಇನ್ನೂ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು ಒಂದು ಕೈಯಲ್ಲಿ ಹಸಿ ತತ್ತಿಯ ಬುಟ್ಟಿ, ಇನ್ನೊಂದರಲ್ಲಿ ಅದರ ಮೇಲೆ ಕುದಿಸಿದ ತತ್ತಿಯ ತಂಬಿಗೆ ಹಿಡಿದು ತಿರುಗಿ ಬಂದ.

"ಅರವತ್ತು ಗ್ರಾಂ ಬೇಕಲ್ಲ? ತಗೋ."

ಆಕೆಯನ್ನು ಮತ್ತೆ ಕೆಡವಿ ಎದೆಯ ಮೇಲೆ ಮೊಣಕಾಲೂರಿ ಕೂತ. ಸಿಪ್ಪೆ ಪೂರ್ತಿ ಬಿಡಿಸಿರಲಿಲ್ಲ. ಬಿಸಿ ತತ್ತಿಯನ್ನು ಇಡಿಯಾಗಿ ಬಾಯಿಗೆ ತುರುಕಿ ದವಡೆಯನ್ನು ಕೈಯಿಂದ ಮುಚ್ಚಿ ಹಿಡಿದ. ನಾಲಿಗೆ ಸುಟ್ಟಿತು. ಜಗಿಯಲು ಜಾಗವಿಲ್ಲ, ಉಗುಳಲು ದಾರಿಯಿಲ್ಲ. ಚಮಚೆಯಷ್ಟು ತಿನ್ನಿ, ನುಣ್ಣಗೆ ಅಗಿದು ನುಂಗಿ ಎಂದಿದ್ದರು ಡಾಕ್ಟರು. ಹಳದಿಯ ಗಟ್ಟಿ ಮುದ್ದೆ ಗಂಟಲಿನಿಂದ ಇಳಿದು ಎದೆಯ ನಡುವೆ ಕಲ್ಲಿನ ಹಾಗೆ ನಿಂತಿತು. ಉಸಿರಿಲ್ಲ. ಶೈಲಾ ಕಾಲು ಝಾಡಿಸಿದಳು, ಉಗುರಿನಿಂದ ಅವನ ಮೋರೆ ಪರಚಿದಳು. ಅವನು ಎರಡನೆಯದನ್ನು ತೆಗೆದ. ಕಣ್ಣಿನ ಅಂಚಿನಲ್ಲಿ ಎಮ್ಮೆಯ ಕಾಲು ಕಾಣುತ್ತಿತ್ತು, ಆಮೇಲೆ ಅದೂ ಕಪ್ಪಾಯಿತು. ಸಾಯುವುದು ಇಷ್ಟು ಸಣ್ಣದಕ್ಕೆ ಎಂದು ಆಕೆಗೆ ಅನ್ನಿಸಿತು.

ಮೇಲಿನಿಂದ ಏನೋ ಬೀಸಿ ಬಂತು. ಟಕ್ ಎಂದಿತು. ಸುಭಾಸ ಬಾಯಿ ತೆರೆದು ಬಾಜೂಕ್ಕೆ ಉರುಳಿದ. ಅವನ ಬಲ ಮುಂಗೈ ಬಾಗಬಾರದ ಜಾಗದಲ್ಲಿ ಬಾಗಿತ್ತು.

ಕಸ್ತೂರೆವ್ವ ಸೆಗಣಿ ಸಲಿಕೆ ಎತ್ತಿ ಹಿಡಿದು ನಿಂತಿದ್ದಳು. ಹಣೆತುಂಬ ವಿಭೂತಿ, ಮೈಮೇಲೆ ಪೂಜೆಯ ಸೀರೆ. "ಲಿಂಗ ಕಟ್ಟಿದ ಬಾಯಿಗೆ ತತ್ತಿ ತುರಕ್ತೀ? ಸೋಮಾರ ದಿನಾ? ನನ್ನ ಹಿತ್ತಲದಾಗ? ಹಾಟ್ಯಾ!" ಮತ್ತೊಂದು ಏಟು ಬೆನ್ನಿಗೆ ಹಾಕಿದಳು. ಮತ್ತೊಂದು. ಮಗ ಮಗುವಿನ ಹಾಗೆ "ಯವ್ವಾ, ಯವ್ವಾ" ಎಂದು ಗೋಡೆಗೆ ತೆವಳಿದ.

ಶೈಲಾ ಮಗ್ಗುಲಾಗಿ ಗಂಟಲಿಗೆ ಬೆರಳು ಹಾಕಿದಳು. ನೊರೆ, ರಕ್ತ, ಹಳದಿ, ಚೂರುಚೂರು ಸಿಪ್ಪೆ. ಉಸಿರು ಒಳಗೆ ಬಂತು, ಕೊಟ್ಟಿಗೆಯ ಗಂಜಲದ ವಾಸನೆಯ ಜೊತೆಗೆ. ಅದರಷ್ಟು ಸಿಹಿಯಾದದ್ದನ್ನು ಆಕೆ ಯಾವತ್ತೂ ಉಂಡಿರಲಿಲ್ಲ. ಉಸಿರಾಡುತ್ತ ಬಿದ್ದುಕೊಂಡೇ ಅತ್ತೆಯ ಕಾಲುಗಳನ್ನು ನೋಡಿದಳು. ಮುಂದಿನ ಹಲ್ಲು ಉದುರಿದ ದಿನ ಈ ಕಾಲುಗಳು ಅಂಗಳದಲ್ಲೇ ಇದ್ದವು. ಬಾಣಂತಿಯ ಹೊಟ್ಟೆಗೆ ಒದ್ದ ದಿನ ಪಡಸಾಲೆಯಲ್ಲಿದ್ದವು. ಎಂದೂ ಒಂದು ಹೆಜ್ಜೆ ಈಕಡೆ ಬಂದಿರಲಿಲ್ಲ. ಈ ಕೈಗೆ ಇಷ್ಟು ಬಲ ಇತ್ತೇ? ಎಲುಬು ಮುರಿಯುವಷ್ಟು? ಇಷ್ಟು ವರ್ಷವೂ ಇತ್ತೇ?

"ಏಳು," ಎಂದಳು ಕಸ್ತೂರೆವ್ವ ಏದುಸಿರು ಬಿಡುತ್ತ. "ಬಾವಿಗೆ ಹೋಗಿ ಮೈ ತೊಳಕೊಂಡು ಬಾ. ಬಾಯಾಗ ಗಂಜಲಾ ಹಾಕ್ಕೋ. ಅಯ್ಯನೋರು ಬರೂದರಾಗ ಎಲ್ಲಾ ಹಸನಾಗಬೇಕು. ಮುಂದಿನ ವಾರ ನಿನಗ ಮತ್ತ ದೀಕ್ಷಾ ಕೊಡಸ್ತೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ."

ಹುಬ್ಬಿನ ರಕ್ತದ ಬಗ್ಗೆ ಒಂದು ಮಾತಿಲ್ಲ, ಪಕ್ಕೆಯ ಬಗ್ಗೆಯೂ ಇಲ್ಲ.

ಶೈಲಾ ಎದ್ದಳು. ಹಸಿ ತತ್ತಿಯ ಬುಟ್ಟಿ ಬಿದ್ದಲ್ಲೇ ಇತ್ತು, ನಾಲ್ಕೈದು ಒಡೆಯದೆ ಉಳಿದಿದ್ದವು. ಅವನ್ನು ಸೆರಗಿನಲ್ಲಿ ಹಾಕಿಕೊಂಡಳು. ಬಾವಿಯ ಕಡೆ ಹೋಗಲಿಲ್ಲ. ಹಿತ್ತಲ ಬಾಗಿಲು ದಾಟಿ, ನಡುಮನೆ ದಾಟಿ, ಸೆಗಣಿಯ ಕಾಲಲ್ಲೇ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಒಳಗೆ ಅಯ್ಯನವರಿಗಾಗಿ ಹೂರಣ ಕುದಿಯುತ್ತಿತ್ತು. ಎದುರಿನ ದೇವರ ಜಗಲಿಯಲ್ಲಿ ಹಚ್ಚಿದ ದೀಪ ಉರಿಯುತ್ತಿತ್ತು.

"ಏ, ಏ! ಎಲ್ಲಿ ಬಂದಿ ಹಂಗs?" ಹಿಂದೆ ಓಡಿಬಂದ ಕಸ್ತೂರೆವ್ವ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟಳು. ಸೊಸೆಯ ಕೈಯಲ್ಲಿದ್ದದ್ದನ್ನು ಕಂಡಿದ್ದಳು.

"ಅತ್ತಿ, ಪುಡಿ ತರಸ್ರಿ." ಸುಟ್ಟ ನಾಲಿಗೆಯಿಂದ ಮಾತು ದಪ್ಪಗೆ ಬಂತು.

"ಏನು?"

"ಎಮ್ಮಿಗೆ ಹಾಕಿದ್ದು. ಅದs ಡಬ್ಬಿ. ತೀರಿದಂಗ ತೀರಿದಂಗ ಬರಬೇಕು."

"ಮೊದಲು ಅದನ್ನ ಹೊರಗ ಒಗಿ. ಮಾತು ಆಮ್ಯಾಲೆ."

ಶೈಲಾ ಒಂದು ತತ್ತಿಯನ್ನು ಹೊಸ್ತಿಲಿಗೆ ಬಡಿದಳು. ಅರಿಷಿಣ ಹಚ್ಚಿದ ಹೊಸ್ತಿಲ ಮೇಲೆ ಅದು ಒಡೆದು, ಬಿಳಿ ಒಳಗೂ ಹಳದಿ ಹೊರಗೂ ಹರಿಯಿತು. ಅದು ತಾನೇ ದಿನಾ ತೊಳೆದು ಕುಂಕುಮ ಇಡುತ್ತಿದ್ದ ಹೊಸ್ತಿಲು. ಕಸ್ತೂರೆವ್ವ ಎದೆ ಬಡಿದುಕೊಂಡಳು. ಅಂಥ ಕೂಗು ಮಾವ ಸತ್ತ ದಿನವೂ ಆಕೆಯ ಬಾಯಿಂದ ಬಂದಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಸುಭಾಸ ಕಂಡ. ಮುರಿದ ಕೈಯನ್ನು ಎದೆಗೆ ಅವಚಿಕೊಂಡು, ಎಡಗೈಯಲ್ಲಿ ಒನಕೆ ಹಿಡಿದಿದ್ದ. "ಇವತ್ತ ಇಕೀನ್ನ ಮುಗಸs ಬಿಡ್ತೇನಿ. ಸರೀ ಯವ್ವಾ."

ಶೈಲಾ ಹಿಂದೆ ಸರಿಯಲಿಲ್ಲ. ಇನ್ನೊಂದು ತತ್ತಿ ತೆಗೆದು ಕುದಿಯುವ ಹೂರಣದ ಕಡೆ ಕೈ ಚಾಚಿದಳು. "ಬರ್ರಿ. ನಿಮ್ಮ ಒನಕಿ ನನ್ನ ತಲಿಗೆ ಮುಟ್ಟೂದರಾಗ ಇದು ಅದರಾಗ ಬೀಳ್ತೈತಿ. ಉಳದದ್ದು ಜಗಲಿಗೆ. ಬಂದ ಅಯ್ಯನೋರ ಮುಂದ ಎಲ್ಲಾ ಹೇಳ್ತೇನಿ. ಯಾರು ತಂದ್ರು, ಯಾವ ವಲಿ ಮ್ಯಾಲೆ ಕುದಿಸಿದ್ರು, ಅಣ್ಣಿಗೇರಿ ದಾರ್ಯಾಗ ಲಿಂಗ ಎಲ್ಲಿ ಬಿಚ್ಚಿಡ್ತಾರು."

ಸುಭಾಸ ಒಂದು ಹೆಜ್ಜೆ ಮುಂದಿಟ್ಟ. ಕಸ್ತೂರೆವ್ವ ಸಲಿಕೆಯ ತುದಿಯನ್ನು ಮಗನ ಎದೆಗೆ ಊರಿದಳು.

"ಸರಿ ಹಿಂದಕ."

"ಯವ್ವಾ, ಆಕಿ..."

"ಸರಿ ಅಂದೆ! ಇನ್ನೊಂದು ಕೈನೂ ಬೇಕೇನು ಇಲ್ಲೋ?"

ಅವನು ನಿಂತ. ಒನಕೆ ಕೆಳಗಾಯಿತು. ಶೈಲಾ ಅವನ ಮುಖವನ್ನಲ್ಲ, ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಮುದುಕಿಯ ಕಣ್ಣಲ್ಲಿ ಅಂಜಿಕೆ ಇತ್ತು. ಈ ಮನೆಯಲ್ಲಿ ತನ್ನನ್ನು ನೋಡಿ ಯಾರಾದರೂ ಅಂಜಬಹುದು ಎಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ.

"ಇನ್ನೊಂದು ಮಾತೈತ್ರಿ," ಎಂದಳು. "ಇನ್ನಮ್ಯಾಲೆ ನಿಮ್ಮ ಮಗಾ ನನ್ನ ಮ್ಯಾಲೆ ಕೈ ಎತ್ತಿದ ದಿನಾ ಈ ವಲಿ ಮ್ಯಾಲೆ ತತ್ತಿ ಕುದೀತಾವು. ನೀವು ಹೋಳಿಗಿ ಮಾಡೂ ಪಾತೇಲಿದಾಗ. ರಾಜಮಾಬಿ ಕೋಳಿ ಸೋಮಾರ, ಮಂಗಳಾರ ಅಂತ ನೋಡೂದಿಲ್ಲ, ದಿನಾ ಇಡ್ತಾವು."

"ನೀನೂ ಲಿಂಗ ಕಟ್ಟಿದಾಕಿ," ಎಂದಳು ಕಸ್ತೂರೆವ್ವ. "ನಿನಗ ಪಾಪ ಹತ್ತೂದಿಲ್ಲೇನು?"

"ಹತ್ತಲಿ. ನಾ ಮತ್ತ ಕೊರಳಾಗಿನ ಆತ ಬಗೀಹರಿಸ್ಕೋತೇವಿ." ಕೊರಳ ಕರಡಿಗೆಯ ಮೇಲೆ ರಕ್ತದ ಹನಿ ಬಿದ್ದಿತ್ತು. ಆಕೆ ಅದನ್ನು ಒರೆಸಲಿಲ್ಲ.

ಹೂರಣ ತಳ ಹಿಡಿದ ವಾಸನೆ ಬಂತು. ಕೊನೆಗೆ ಕಸ್ತೂರೆವ್ವ ನಡುವಿಗೆ ಕೈ ಹಾಕಿ ಕೀಲಿ ತೆಗೆದು, ತಿಜೋರಿಯಿಂದ ನೋಟು ತಂದು ಮಗನ ಎಡಗೈಗೆ ತುರುಕಿದಳು. "ಆ ಲಕ್ಕಪ್ಪ ಇವತ್ತ ಊರಾಗ ಬಂದಾನ, ಅವನ ಗಾಡಿ ಮ್ಯಾಲೆ ನವಲಗುಂದಕ್ಕ ಹೋಗು. ಕೈ ಕಟ್ಟಿಸ್ಕೊಂಡು, ಬರೂಮುಂದ ಡಬ್ಬಿ ತಗೊಂಡು ಬಾ. ಯಾರರ ಕೇಳಿದ್ರ ಎಮ್ಮಿ ಹಾಯ್ತು ಅನ್ನು."

"ಕೂಸಿನ ಚಿತ್ರ ಇದ್ದದ್ದು ಬ್ಯಾಡ," ಎಂದಳು ಶೈಲಾ. "ಹಿಂದ ಬರದದ್ದು ಓದಿ ತರ್ರಿ. ಸಕ್ಕರಿ ಇದ್ದದ್ದು ತಂದ್ರ ತಿರುಗಿ ಕಳಸ್ತೇನಿ."

ಸುಭಾಸ ಆಕೆಯನ್ನು ನೋಡಿದ ನೋಟದಲ್ಲಿ ಕೊಲೆ ಇತ್ತು. ಅದು ಅಲ್ಲೇ ಇರುತ್ತದೆ, ಎಲ್ಲೂ ಹೋಗುವುದಿಲ್ಲ ಎಂದು ಶೈಲಾಳಿಗೆ ಗೊತ್ತಿತ್ತು. ಅವನು ಹೋದ.

ಕಸ್ತೂರೆವ್ವ ಬಕೆಟ್ಟಿನಲ್ಲಿ ನೀರು, ಗಂಜಲ, ಹುಣಸೆಹಣ್ಣು ತಂದಳು. "ಬಾಜೂಕ ಸರಿಯವ್ವಾ," ಎಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಸೊಸೆಯನ್ನು ಹಾಗೆ ಕರೆದಳು. "ಅಯ್ಯನೋರು ಬರೂ ಹೊತ್ತಾತು. ಹೊಸ್ತಿಲಾ ತೊಳೀತೇನಿ."

ಶೈಲಾ ಪಕ್ಕೆ ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಆನಿಕೊಂಡು ಹೊಸ್ತಿಲ ಪಕ್ಕ ನೆಲಕ್ಕೆ ಕೂತಳು. ಉಳಿದ ತತ್ತಿಗಳು ಮಡಿಲಲ್ಲಿದ್ದವು.

"ತೊಳೀರಿ," ಎಂದಳು. "ಡಬ್ಬಿ ಬರೂತನಾ ನಾ ಇಲ್ಲೇ ಕುಂದರ್ತೇನಿ."

ಮುದುಕಿ ಸೀರೆಯ ನೆರಿಗೆ ಎತ್ತಿ ಕಟ್ಟಿ, ಮೊಣಕಾಲೂರಿ, ಸೊಸೆಯ ಪಾದಗಳ ಸುತ್ತಲೂ ತಿಕ್ಕತೊಡಗಿದಳು.